ಹಂಸದ ಕುತ್ತಿಗಿ ನುಂಗಿದ ಹೊಳಪಿನ ಕಾಗದ

"ಕಾಗದ ಅಂದ್ರ ಕಾಗದ. ಅದರಾಗೂ ಜಾತಿ ಬ್ಯಾರೆ ಬ್ಯಾರೆ ಇರ್ತಾವೇನಮ್ಮಾ?" ಅಂತ ಸಾವುಕಾರ ನನ್ನ ಅಂಗಡಿ ಮೇಜಿನ ಮ್ಯಾಲ ಮೊಣಕೈ ಊರಿ ನಕ್ಕಿದ್ದ. ಆ ನಗಿ ನೆನಪಾದ್ರ ನನಗ ಈಗಲೂ ಮೈ ಉರೀತೈತಿ. ಇರ್ತಾವ್ರೀ, ಇರ್ತಾವ. ಲೇಸರ್ ಪ್ರಿಂಟರಿಗೆ ಹಾಕೋ ಕಾಗದ ಬ್ಯಾರೆ, ಇಂಕ್ ಪ್ರಿಂಟರಿಗೆ ಹಾಕೋ ಕಾಗದ ಬ್ಯಾರೆ. ನಾನು ಕಣ್ಣೆದುರಿಗೆ ತೋರಿಸಿ ಹೇಳಿದ್ದೆ. ಕೇಳಿದ್ನೇನು? ಇಲ್ಲ. ಆತನ ಹಟಕ್ಕ ನಾರಾಯಣಪೇಟೆಯ ಒಬ್ಬ ಹೆಣ್ಮಗಳು ತಾನು ಕುಂತು ನೇಯೋ ಮಗ್ಗಾನ ಕಳಕೊಳ್ಳೋದಿತ್ತು.

ನನ್ನದು ಮಕ್ತಲ್‌ನಾಗ ಸಣ್ಣ ಡಿಟಿಪಿ ಅಂಗಡಿ. ರಾಯಚೂರಿಗೆ ಹೋಗೋ ಬಸ್ಸು ಕಾಯೋ ಮಂದಿ ಬಿಸಿಲಿಗೆ ನನ್ನ ಕಟ್ಟಿ ಮ್ಯಾಲ ಕುಂದರ್ತಾರ. ಅರ್ಜಿ, ಜೆರಾಕ್ಸ್, ಲಗ್ನಪತ್ರಿಕಿ ಎಲ್ಲಾ ಮಾಡ್ತೀನಿ. ಆದ್ರ ನನಗ ಮನಸ್ಸಿನ ಕೆಲಸ ಅಂದ್ರ ಸೀರಿ ನೇಯೋರಿಗೆ ಚಾರ್ಟ್ ಮಾಡೋದು. ಹೂವು, ಹಂಸ, ಗೋಪುರ ಏನು ಬೇಕೋ ಅದನ್ನ ಕಂಪ್ಯೂಟರಿನ್ಯಾಗ ಸಣ್ಣ ಸಣ್ಣ ಚೌಕ ಮಾಡಿ ಇಳಸ್ತೀನಿ. ಕರಿ ಚೌಕ ಇದ್ದಲ್ಲಿ ಎಳಿ ಎತ್ತಬೇಕು, ಬಿಳಿ ಚೌಕ ಇದ್ದಲ್ಲಿ ಬಿಡಬೇಕು. ಒಂದು ಸಾಲು ಮುಗಿದ್ರ ಜರಿ ಒಂದು ಸಲ ಹಾಯಿಸಿದಂಗ. ನೇಯೋರು ಚಾರ್ಟನ್ನ ಮಗ್ಗದ ಮುಂದ ನೇತು ಹಾಕ್ಕೊಂಡು, ಮುಗಿಸಿದ ಸಾಲಿಗೆ ಪೆನ್ಸಿಲಿಲೆ ಗೀಟು ಹಾಕ್ಕೋತ ಹೋಗ್ತಾರ. ಕರಿ ಚೌಕ ಅಳಿಸಿಹೋದ್ರ ಕೈ ಆ ಎಳಿ ಎತ್ತಂಗಿಲ್ಲ. ಅಷ್ಟ ಲೆಕ್ಕ.

ಸಾವುಕಾರ ನಾರಾಯಣಪೇಟೆಯಾಗ ಮಗ್ಗ ಇಟ್ಟು ನೇಯಿಸೋ ಮನಷ್ಯಾ. ಮಗ್ಗ ಆತನವು, ನೂಲು ಆತಂದು, ಕೂಲಿ ನೇಯೋರದು. ಗದ್ವಾಲ್ ನಮೂನಿ ಸೆರಗು ಹಾಕಿದ ಮದುವಿ ಸೀರಿ ಬೇಕಂತ ಗದ್ವಾಲ್‌ನ ಒಂದು ಮನಿತನದವರು ಕೇಳಿದ್ರು. ಸೆರಗಿನ ತುಂಬ ಹಂಸದ ಸಾಲು. ಅದನ್ನ ನೇಯಾಕ ಕೈ ಚಲೋ ಇದ್ದಾಕಿ ಅಂತ ಅಲ್ಲಿ ನೇಕಾರರ ಓಣಿಯ ಈ ಹೆಣ್ಮಗಳಿಗೆ ಕೊಟ್ಟ. ಆಕಿನೂ ಆತನ ಜೋಡಿ ನನ್ನ ಅಂಗಡಿಗೆ ಬಂದು, ನನ್ನ ಪಕ್ಕಕ್ಕ ಕುಂತು, "ಅಕ್ಕಾ, ಕುತ್ತಿಗಿ ಇನ್ನಾ ಸ್ವಲ್ಪ ಬಗ್ಗಲಿ. ಹಿಂಗ ಸೆಟದು ನಿಂತ್ರ ಹಂಸ ಅಲ್ಲ, ಕೊಕ್ಕರಿ ಆಗ್ತೈತಿ," ಅಂತ ಒಂದೊಂದ ಚೌಕ ತಿದ್ದಿಸಿದ್ಲು. ನಾವಿಬ್ಬರೂ ನಕ್ಕೋತ ಮಾಡಿದ ಕೆಲಸ ಅದು.

ಚಾರ್ಟ್ ತಯಾರಾತು. ನಾನು ದಿನಾ ವಾಪರಸೋ ಸಾದಾ ಕಾಗದದ ಮ್ಯಾಲ ಒಂದು ಹಾಳಿ ತಗದು ಕೊಟ್ಟೆ. ಸಾವುಕಾರ ಮೂಗು ಮುರಿದ.

"ಸಪ್ಪಗೈತಲ್ಲಮ್ಮಾ. ಇದನ್ನ ನಾನು ಗದ್ವಾಲ್‌ಗೆ ಒಯ್ದು ಗಿರಾಕಿಗೆ ತೋರಿಸಬೇಕು. ಕಾಗದ ಮಿಂಚಬೇಕು."

ಚೀಲದಿಂದ ಒಂದು ಪಾಕೀಟು ತಗದ. ಒಳಗ ದಪ್ಪನ, ಕನ್ನಡಿಯಂಥ ಹೊಳಪಿನ ಹಾಳಿ. ಹಿಂದ ತಿರುವಿ ನೋಡಿದೆ. ಇಂಕ್ ಪ್ರಿಂಟರಿಗೆ ಫೋಟೊ ಹಾಕೋ ಕಾಗದ ಅಂತ ಢಾಳಾಗಿ ಬರದಿತ್ತು. ನಾನು ಹೇಳಿದೆ: ಸಾವುಕಾರ್ರ, ಲೇಸರ್ ಮಿಷಿನ್ನಿನ್ಯಾಗ ಇರೋದು ಶಾಯಿ ಅಲ್ಲ, ಕರಿ ಪ್ಲಾಸ್ಟಿಕ್ ಪುಡಿ. ಅದಕ್ಕ ಟೋನರ್ ಅಂತಾರ. ಒಳಗಿನ ಬಿಸಿ ರೋಲರು ಅದನ್ನ ಕರಗಿಸಿ ಕಾಗದದ ನಾರಿನೊಳಗ ಒತ್ತತೈತಿ. ನಿಮ್ಮ ಕಾಗದದ ಮ್ಯಾಲ ಶಾಯಿ ಹೀರಾಕ ಲೇಪನ ಬಳದಾರ. ಬಿಸಿಗೆ ಆ ಲೇಪನ ಮೆತ್ತಗಾಗಿ ಕರಗತೈತಿ, ಪುಡಿ ನಾರಿಗೆ ಮುಟ್ಟಂಗಿಲ್ಲ, ಮ್ಯಾಲ ಮ್ಯಾಲ ಕುಂದರತೈತಿ. ರೋಲರಿಗೂ ಮೆತ್ತಿ ನನ್ನ ಮಿಷಿನ್ನೂ ಹಾಳಾಗತೈತಿ.

"ಖಾಲಿ ಪೀಲಿ ತಕರಾರು ಮಾಡಬ್ಯಾಡ್ರಿ. ಒಂದ ಹಾಳಿ ಹಾಕಿ ನೋಡ್ರಿ."

ಬ್ಯಾಡ ಬ್ಯಾಡ ಅಂದ್ರೂ ಬಿಡಲಿಲ್ಲ. ಆತನ ಕಣ್ಣಿಗೇ ಕಾಣಲಿ ಅಂತ ಒಂದು ಹಾಳಿ ಹಾಕಿದೆ. ಒಳಗ ಕರ್ ಕರ್ ಅಂತು, ಸುಟ್ಟ ವಾಸನಿ ಬಂತು, ಹಾಳಿ ಅಲಿ ಅಲಿಯಾಗಿ ಹೊರಗ ಬಂತು. ನೋಡಾಕ ಏನೋ ಮಿಂಚತಿತ್ತು. ನಾನು ಉಗುರಿಲೆ ಒಂದು ಹಂಸದ ಮ್ಯಾಲ ಕೆರದೆ. ಕರಿ ಎದ್ದು ಉಗುರಿನ ತುದಿಗೆ ಬಂತು.

"ನೋಡ್ರಿ!"

"ಉಗುರಿಲೆ ಕೆರಿಯೋರು ಯಾರಮ್ಮಾ?" ಅಂದ ಪುಣ್ಯಾತ್ಮ. ಚಾರ್ಟಿನ ಫೈಲನ್ನ ಮೊಬೈಲಿಗೆ ಹಾಕಿಸಿಕೊಂಡು, ಪಾಕೀಟು ಬಗಲಿಗೆ ಇಟ್ಟುಕೊಂಡು ಹೋದ. ಗದ್ವಾಲ್‌ನಾಗ ಎಲ್ಲೋ ಒಂದು ಕಡೆ ಅದ ಕಾಗದದ ಮ್ಯಾಲ ಅಂಥಾದ ಲೇಸರ್ ಮಿಷಿನ್ನಿನ್ಯಾಗ ಪೂರಾ ಚಾರ್ಟ್ ತಗಿಸಿದನಂತ. ಅಲ್ಲಿಯವರಿಗೆ ತಮ್ಮ ರೋಲರಿನ ಚಿಂತಿ ಇರಲಿಲ್ಲೋ, ಇವನ ಬಾಯಿಗೆ ಹೆದರಿದ್ರೋ, ನನಗ ಗೊತ್ತಿಲ್ಲ.

ಆಮ್ಯಾಲ ಕೆಲವು ದಿನಕ್ಕ ಆ ಹೆಣ್ಮಗಳು ಒಬ್ಬಾಕಿನ ನನ್ನ ಅಂಗಡಿಗೆ ಬಂದ್ಲು. ಮುಖ ಕಪ್ಪಿಟ್ಟಿತ್ತು. ಸೆರಗಿನೊಳಗಿಂದ ಚಾರ್ಟ್ ತಗದು ಮೇಜಿನ ಮ್ಯಾಲ ಇಟ್ಟು, "ಅಕ್ಕಾ, ನನಗ ಓದಾಕ ಬರಂಗಿಲ್ಲೇನು?" ಅಂತ ಕೇಳಿ ಅತ್ತುಬಿಟ್ಲು.

ಆಗಿದ್ದು ಇಷ್ಟು. ನೆಲದ ಗುಂಡ್ಯಾಗ ಕಾಲು ಇಳಿಬಿಟ್ಟು ನೇಯೋ ಗುಂಡಿ ಮಗ್ಗದ ಕೋಣಿ ಯಾವಾಗ್ಲೂ ತಂಪು ಇರ್ತೈತಿ, ಇಲ್ಲಂದ್ರ ನೂಲು ಹರೀತಾವ. ಆ ತಂಪಿಗೆ ನೇತು ಹಾಕಿದ ಕಾಗದ ಮೆತ್ತಗಾಗಿ ಜೋಲು ಬೀಳತೈತಿ. ಅದಕ್ಕ ಆ ಓಣಿಯವರು ಮಗ್ಗದ ಉದ್ದ ಎಳಿಗೆ, ಅಂದ್ರ ಹಾಸು ನೂಲಿಗೆ, ಗಂಜಿ ಹಚ್ಚಿದ ಮ್ಯಾಲ ಉಳಿದ ತಿಳಿ ಗಂಜಿಯನ್ನ ಕುಂಚದಿಲೆ ಚಾರ್ಟಿಗೂ ಎಳದು ಒಣಗಸ್ತಾರ. ಕಾಗದ ರಟ್ಟಿನಂಗ ಸೆಟದು ನಿಲ್ಲತೈತಿ. ನೂಲಿಗೆ ಮಾಡಿದ್ದನ್ನ ಕಾಗದಕ್ಕೂ ಮಾಡೋದು. ಎಲ್ಲಾ ಮನ್ಯಾಗೂ ಹಂಗ. ಈಕಿ ಅತ್ತಿನೂ ಹಂಗ ಮಾಡ್ಯಾಳ. ಹೊಳಪಿನ ಲೇಪನಕ್ಕ ಗಂಜಿ ನೀರು ಬಿದ್ದು, ಒಣಗಿ, ಮಡಚಿದಲ್ಲಿ ಸಿಬರು ಎದ್ದಾವ. ಹಂಸಗಳ ಕುತ್ತಿಗಿ ಇದ್ದ ಸಾಲಿನ್ಯಾಗ ಕರಿ ಚೌಕ ಸದ್ದಿಲ್ಲದ ಉದುರಿ ಹೋಗ್ಯಾವ. ಈಕಿ ಒಂದೊಂದ ಸಾಲು ನೋಡಿಕೋತ ಚಾರ್ಟ್ ಹ್ಯಾಂಗಿತ್ತೋ ಹಂಗ ನೇಯ್ದಾಳ. ಜರಿ ಕೆಲಸದ ಮುಖ ಕೆಳಗಿರ್ತೈತಿ, ಕೂತಲ್ಲಿಂದ ಕಾಣಂಗಿಲ್ಲ. ಗೇಣು ನೇಯ್ದು ಕೆಳಗ ಕನ್ನಡಿ ಹಿಡದು ನೋಡಿದ್ರ ಒಂದು ಹಂಸಕ್ಕೂ ಕುತ್ತಿಗಿ ಇಲ್ಲ. ಮದುವಿ ಸೀರಿ ಮ್ಯಾಲ ಕುತ್ತಿಗಿ ಇಲ್ಲದ ಹಂಸ!

ಸಾವುಕಾರ ಓಣಿಯ ನಡು ನಿಂತು ಒದರಿದನಂತ. "ಗಂಜಿ ಹಚ್ಚಿ ಚಾರ್ಟ್ ಹಾಳು ಮಾಡಿದಿ. ಚಾರ್ಟ್ ಓದಾಕ ಬರಲಾರದಾಕಿ ಮಗ್ಗ ಯಾಕ ಹಿಡಿಬೇಕು? ಸೋಮವಾರ ಬಂದು ಮಗ್ಗ ಬಿಚ್ಚಿಸ್ತೀನಿ, ಬ್ಯಾರೆಯವರಿಗೆ ಕೊಡ್ತೀನಿ." ಓಣಿಯವರೆಲ್ಲ ಬಾಗಲಿಗೆ ಬಂದು ಕೇಳ್ಯಾರ. ಒಂದು ಸಲ ಹಂಗ ಹೆಸರು ಕೆಟ್ರ ಇನ್ನೊಬ್ಬ ಸಾವುಕಾರನೂ ಆಕಿಗೆ ಮಗ್ಗ ಕೊಡಂಗಿಲ್ಲ.

ನನಗ ಸಿಟ್ಟು ತಡಕೊಳ್ಳಾಕ ಆಗಲಿಲ್ಲ. ಉಗುರಿಲೆ ಕೆರದು ತೋರಿಸಿದ್ದೆ. ಕಂಡಿದ್ದ. ಕಂಡೂ ಆ ಕಾಗದಾನ ಒಯ್ದು ಕೊಟ್ಟಾನ, ಈಗ ತಪ್ಪು ಗಂಜಿ ಮ್ಯಾಲ ಹಾಕ್ತಾನ. ಎದಿಯಾಗ ಏನಿಟ್ಟಾನ ದೇವರು ಇಂಥವರಿಗೆ?

ಆಕಿ ತಂದ ಹಾಳಿಗಳನ್ನ ಒಂದೊಂದ ಬೆಳಕಿಗೆ ಹಿಡದೆ. ಕೊನಿ ಹಾಳಿಗೆ ಗಂಜಿ ಹಚ್ಚೇ ಇರಲಿಲ್ಲ, ಅದರ ಸರದಿ ಇನ್ನೂ ಬಂದಿರಲಿಲ್ಲ. ಬರೇ ಮಡಚಿ ಇಟ್ಟಿದ್ರು. ಬಿಚ್ಚಿ ನೋಡಿದ್ರ ಮಡಚಿದ ಗೀರಿನ ಉದ್ದಕ್ಕೂ ಕರಿ ಉದುರಿತ್ತು. ಆ ಹಾಳಿನ ನಾನು ಜತನ ಮಾಡಿ ತಗದಿಟ್ಟೆ.

"ತಂಗಿ, ಸೀರಿ ಉಳೀತೈತೇನು?"

"ಗೇಣು ಜರಿ ಅಷ್ಟ ಅಕ್ಕಾ. ಎಳಿ ಎಳಿ ಬಿಚ್ಚಿ ತಗದ್ರ ಉಳೀತೈತಿ. ಆದ್ರ ಮತ್ತ ನೇಯಾಕ ಚಾರ್ಟ್ ಬೇಕಲ್ಲ. ಮಗ್ಗಾನೂ ಇರಬೇಕಲ್ಲ."

"ಚಾರ್ಟ್ ನಾ ಕೊಡ್ತೀನಿ. ನೀ ಬಿಚ್ಚಾಕ ಹತ್ತು."

ಹೇಳೋದು ಸಸಾರ. ಮದಲು ನಾನೂ ಎಲ್ಲಾರಂಗ "ಗಂಜಿ ಮಾತ್ರ ಹಚ್ಚಬ್ಯಾಡ" ಅಂತ ಹೇಳಿ ಸಾದಾ ತೆಳ್ಳನ ಕಾಗದದ ಚಾರ್ಟ್ ಕಳಿಸಿದೆ. ಮರುದಿನ ಫೋನ್ ಬಂತು. "ಅಕ್ಕಾ, ಕಾಗದ ಸುರುಳಿ ಸುತ್ತಾಕ ಹತ್ತೈತಿ. ಕೆಳಗಿನ ಸಾಲು ಕಾಣಾಕ ಒಲ್ಲವು." ಸುತ್ತದ ಏನಾಗತೈತಿ! ಬಿಸಿ ರೋಲರು ಕಾಗದದೊಳಗಿನ ಪಸಿ ಎಲ್ಲ ಹೀರಿ ಕಳಿಸಿರತೈತಿ, ಅದು ಹೋಗಿ ತಂಪಿನ ಕೋಣ್ಯಾಗ ನೇತು ಬಿದ್ರ ಮತ್ತ ಪಸಿ ಎಳಕೊಂಡು ಸೊಟ್ಟ ಆಗತೈತಿ.

ಅಂಗಡಿ ಬಾಗಲಾ ಹಾಕಿ ರಾಯಚೂರು ಬಸ್ಸು ಹತ್ತಿದೆ. ಅಲ್ಲಿ ಕಾಗದದ ಅಂಗಡಿ ಯಜಮಾನ ಪರಿಚಯದವರು. ನನ್ನ ಕಥಿ ಕೇಳಿ, "ಲ್ಯಾಮಿನೇಶನ್ ಮಾಡಿಸಿಬಿಡ್ರಿ, ಹತ್ತು ವರ್ಷ ಏನೂ ಆಗಂಗಿಲ್ಲ," ಅಂದ್ರು. ಮ್ಯಾಲ ಪೆನ್ಸಿಲ್ ಹ್ಯಾಂಗ ಓಡಬೇಕು? ಗೀಟು ಹಾಕಲಿಲ್ಲಂದ್ರ ಯಾವ ಸಾಲಿನ್ಯಾಗ ಇದ್ದೀನಿ ಅನ್ನೋದ ಗೊತ್ತಾಗಂಗಿಲ್ಲ. ಮತ್ತ ಟ್ಯೂಬ್‌ಲೈಟಿಗೆ ಹೊಳದು ಕಣ್ಣು ಕುಕ್ಕತೈತಿ. ಹರಿಯಲಾರದ ಪ್ಲಾಸ್ಟಿಕ್ ಹಾಳಿ ತೋರಿಸಿದ್ರು. ಲೇಸರಿನ ಬಿಸಿ ತಡಿಯೋದು ಅದರಾಗೂ ಬ್ಯಾರೆ ಸಿಗತೈತಿ, ಆದ್ರ ಹೊಳಪಿನ ಕಾಟ ಅದಕ್ಕೂ ತಪ್ಪಿದ್ದಲ್ಲ. ಹತ್ತಿ ನಾರು ಹಾಕಿದ ಭಾರಿ ಬಾಂಡ್ ಕಾಗದ ಕೊಟ್ರು. ಮುಟ್ಟಿದ್ರ ಬಟ್ಟಿ ಮುಟ್ಟಿದಂಗ ಇತ್ತು, ನನಗ ಭಾಳ ಆಸಿ ಆತು. ತಂದು ಹಾಕಿದ್ರ ಅದರ ಮೈ ತರಿ ತರಿ. ತಗ್ಗಿಗೆ ಟೋನರ್ ಇಳೀಲಿಲ್ಲ, ಕರಿ ಚೌಕದ ನಡುವ ಬಿಳಿ ಚುಕ್ಕಿ ಬಿದ್ದವು. ಅದೂ ಹೋತು.

ದಪ್ಪನ ಕಾರ್ಡು ಹಾಕಿದೆ. ಸೆಟದು ನಿಂತಿತು, ಆದ್ರ ಉಗುರಿಲೆ ಕೆರದ್ರ ಕರಿ ಎದ್ದಿತು. ಕಾಗದ ದಪ್ಪ ಆದಷ್ಟು ಬಿಸಿ ಜಾಸ್ತಿ ಬೇಕು, ನನ್ನ ಸಣ್ಣ ಮಿಷಿನ್ನಿಗೆ ಅಷ್ಟು ತಾಕತ್ತಿಲ್ಲ. ಸೋಮವಾರ ಹತ್ತರ ಬರಾಕ ಹತ್ತಿತ್ತು. ನಾನು ಮಿಷಿನ್ನಿನ ಮುಂದ ಕುಂತು ಸಾವುಕಾರನ್ನ ಬಾಯಿಗೆ ಬಂದಂಗ ಬೈದೆ, ಗಿರಾಕಿ ಒಬ್ರು ಹೆದರಿ ಹೊರಗ ನಿಂತ್ರು.

ಬೈಯೋತ ಬೈಯೋತ ಒಂದು ಮಾತು ನೆತ್ತಿಗೆ ಹೊಡದಂಗ ಹೊಳೀತು. ನಾನ್ಯಾಕ ಗಂಜಿ ಬ್ಯಾಡ ಅಂತ ಹೇಳಿದೆ? ಆ ಓಣ್ಯಾಗ ಅಜ್ಜಿಯರ ಕಾಲದಿಂದ ಕಾಗದಕ್ಕ ಗಂಜಿ ಹಚ್ಚಾಕ ಹತ್ಯಾರ. ತಪ್ಪು ಮಾಡಿದಾಂವ ಸಾವುಕಾರ, ರೂಢಿ ಬಿಡಬೇಕಾದಾಕಿ ಈಕಿನೇನು? ಗಂಜಿ ಬ್ಯಾಡ ಅಂದ್ರ ಗಂಜೀದ ತಪ್ಪು ಅಂತ ನಾನೂ ಒಪ್ಪಿಕೊಂಡಂಗ ಆತು! ಗಂಜಿ ಇರಬೇಕು. ಆ ಗಂಜಿ ತಡಿಯೋ ಕಾಗದ ಹುಡುಕೋದು ನನ್ನ ಕೆಲಸ. ಟೋನರ್ ಪ್ಲಾಸ್ಟಿಕ್ ಅಂದ ಮ್ಯಾಲ ನೀರಿಗೆ ಅಂಜಬೇಕಾದ್ದಿಲ್ಲ. ನಾರಿನೊಳಗ ಗಟ್ಟಿ ಹಿಡಕೊಂಡಿದ್ರ ಸಾಕು. ಸೆಟದು ನಿಲ್ಲಿಸೋ ಕೆಲಸಾನ ಗಂಜಿನ ಮಾಡತೈತಿ, ಹಂಗಿದ್ರ ಕಾಗದ ಭಾಳ ದಪ್ಪ ಇರೋದೂ ಬ್ಯಾಡ.

ನೂರು ಜಿಎಸ್ಎಂ ತೂಕದ, ನಡು ದಪ್ಪದ ನುಣ್ಣನ ಕಾಗದ ತಗೊಂಡೆ. ಯಾವ ಲೇಪನಾನೂ ಇಲ್ಲ, ಹೊಳಪು ಇಲ್ಲ. ಸಾವುಕಾರನ ಮಾತಿನ್ಯಾಗ ಸಪ್ಪನ ಕಾಗದ. ಹಾಕೋ ಹೊತ್ತಿಗೆ ಪಾಕೀಟು ಒಡದೆ, ಹೊರಗಿನ ಪಸಿ ತಾಗಬಾರದು ಅಂತ. ಕಾಗದಕ್ಕೂ ಹಾಸು ಇರ್ತೈತಿ, ನಾರು ಒಂದ ದಿಕ್ಕಿಗೆ ಮಲಗಿರ್ತಾವ. ಒಂದು ಹಾಳಿ ಹರದು ನೋಡಿದೆ. ಉದ್ದಕ್ಕ ಸೀದಾ ಹರೀತು, ಅಡ್ಡಕ್ಕ ಸೊಟ್ಟ ಹರೀತು. ಅಂದ್ರ ನಾರು ಉದ್ದಕ್ಕೈತಿ, ನೇತು ಹಾಕಿದ್ರ ಕೆಳಗಿಂದ ಸುತ್ತಂಗಿಲ್ಲ. ಮಿಷಿನ್ನಿಗೆ ದಪ್ಪ ಕಾಗದ ಅಂತ ಹೇಳಿ ಸೆಟ್ಟಿಂಗ್ ಬದಲಿ ಮಾಡಿದೆ. ಹಂಗ ಹೇಳಿದ್ರ ಅದು ನಿಧಾನಕ್ಕ ನಡಸಿ ಬಿಸಿ ಜಾಸ್ತಿ ಕೊಡತೈತಿ. ಹಿಂದಿನ ಬಾಗಲಾ ತಗದು ಹಾಳಿ ಬಗ್ಗದ ಸೀದಾ ಹೊರಗ ಬರೋವಂಗ ಮಾಡಿದೆ. ಬಂದ ಹಾಳಿಗಳನ್ನ ಆರೋ ತನಕ ಭಾರದ ಪುಸ್ತಕದ ಕೆಳಗ ಇಟ್ಟೆ. ಉಗುರಿಲೆ ಕೆರದೆ, ಎದ್ದಿಲ್ಲ. ಟೇಪು ಹಚ್ಚಿ ಕಿತ್ತೆ, ಎದ್ದಿಲ್ಲ. ಮಡಚಿ ಉಜ್ಜಿದೆ, ಗೀರು ಬಿತ್ತು, ಚೌಕ ಹೋಗಲಿಲ್ಲ. ಕಡೀಕ ಮನ್ಯಾಗ ಅನ್ನದ ಗಂಜಿ ತಿಳಿ ಮಾಡಿ ಕುಂಚದಿಲೆ ಎಳದು ಬಿಸಿಲಿಗೆ ಹಾಕಿದೆ. ಒಣಗಿದ ಮ್ಯಾಲ ತಟ್ಟಿದ್ರ ಟಕ್ ಟಕ್ ಅಂತು. ಹಂಸದ ಕುತ್ತಿಗಿ ಹಂಸದ ಮ್ಯಾಲನ ಇತ್ತು. ಅಂಗಡ್ಯಾಗ ಒಬ್ಬಾಕಿನ ಚಪ್ಪಾಳಿ ಹೊಡದೆ, ಸುಳ್ಳ್ಯಾಕ ಹೇಳಲಿ.

ಸಾವುಕಾರಗ ಫೋನ್ ಮಾಡಿ ಕರಿಸಿದೆ. ಹೊಳಪಿನ ಹಾಳಿ, ಗಂಜಿ ಮುಟ್ಟಲಾರದ್ದು, ಆತನ ಮುಂದ ಬಿಚ್ಚಿದೆ. "ಇದಕ್ಕ ಯಾರು ಗಂಜಿ ಹಚ್ಯಾರ್ರಿ? ಕರಿ ಯಾಕ ಉದುರೇತಿ?" ಅದರ ಮಗ್ಗಲಕ್ಕ ನನ್ನ ಹಾಳಿ ಇಟ್ಟೆ. "ಇದಕ್ಕ ಬೇಕಂತ ಗಂಜಿ ಹಚ್ಚೀನಿ. ನೀವ ಕೆರೀರಿ ಈಗ. ಉಗುರು ಐತಲ್ಲ?"

ಕೆರದ. ಒಂದು ಸಲ ಅಲ್ಲ, ನಾಕು ಸಲ ಕೆರದ. ಆಮ್ಯಾಲ ರಸ್ತಾದ ಕಡೆ ನೋಡಿ ಧ್ವನಿ ಸಣ್ಣ ಮಾಡಿದ. "ಆತು ಬಿಡ್ರಮ್ಮಾ. ಮಗ್ಗ ಆಕಿ ಹತ್ರನ ಇರಲಿ. ಚಾರ್ಟ್ ಇಲ್ಲಿ ಕೊಡ್ರಿ, ನಾನ ಒಯ್ದು ಕೊಡ್ತೀನಿ."

ಏನೋ ದಾನ ಕೊಟ್ಟಂಗ! ಇರಲಿ ಬಿಡ್ರಿ ಅಂತ! ನನಗ ನೆತ್ತಿಗೇರಿತು.

"ಚಾರ್ಟ್ ನಿಮ್ಮ ಕೈಯಾಗ ಕೊಡಂಗಿಲ್ಲ. ನಾನ ತರ್ತೀನಿ. ನೀವು ಯಾವ ಓಣ್ಯಾಗ ನಿಂತು ಆಕಿಗೆ ಓದಾಕ ಬರಂಗಿಲ್ಲ ಅಂದ್ರಿ, ಅಲ್ಲೇ ನಿಂತು ಮಾತು ವಾಪಸ್ ತಗೋರಿ. ಆಗ ಕೊಡ್ತೀನಿ."

"ಏಮಮ್ಮಾ, ನನ್ನನ್ನ ಹೆದರಸ್ತೀರೇನು? ಚಾರ್ಟ್ ಮಾಡೋರು ನೀವೊಬ್ರೇನು?"

"ಒಬ್ಬಾಕಿನ ಅಲ್ಲ. ಫೈಲು ನಿಮ್ಮ ಮೊಬೈಲಿನ್ಯಾಗ ಐತಿ. ಗಂಜಿ ತಡಿಯೋ ಕಾಗದಾನ ಬ್ಯಾರೆಯವರ ಹತ್ರ ಸುರುವಿಂದ ಹುಡುಕಿಸ್ರಿ, ಅಲ್ಲಿತನಕ ಮದುವಿಯವರಿಗೆ ಏನು ಹೇಳ್ತೀರೋ ಹೇಳ್ರಿ."

ಎದ್ದು ಹೋದ. ಮೆಟ್ಟಲಾ ಇಳಿಯೋವಾಗ "ಸೋಮವಾರ ಬರ್ರಿ" ಅಂತಷ್ಟ ಅಂದ.

ಸೋಮವಾರ ನಾನು ಚಾರ್ಟನ್ನ ರಟ್ಟಿನ ನಡುವ ಕಟ್ಟಿಕೊಂಡು ನಾರಾಯಣಪೇಟೆಗೆ ಹೋದೆ. ಓಣ್ಯಾಗ ಮಗ್ಗದ ಸಪ್ಪಳ ಇತ್ತು. ಆಕಿಯ ಮನ್ಯಾಗಷ್ಟ ಸಪ್ಪಳ ಇರಲಿಲ್ಲ. ಜರಿ ಪೂರಾ ಬಿಚ್ಚಿ ಮಗ್ಗ ಖಾಲಿ ಬಿಟ್ಟುಕೊಂಡು ಆಕಿ ಗುಂಡಿ ಅಂಚಿಗೆ ಕುಂತಿದ್ಲು, ಕಣ್ಣು ಕೆಂಪಗಾಗಿದ್ದವು. ಅತ್ತಿ ಗಂಜಿ ಪಾತ್ರಿನ ಮೂಲ್ಯಾಗ ಬೋರಲ ಹಾಕಿದ್ಲು. ತಾನು ಮಾಡಿದ್ದಕ್ಕ ಸೊಸಿ ಮಗ್ಗ ಹೋಗತೈತಿ ಅಂತ ಆ ಮುದುಕಿ ನನ್ನ ಮುಖಾನ ನೋಡವಲ್ಲಳು.

ಸಾವುಕಾರ ಬಂದ. ಬಾಗಲದಾಗ ನಿಂತು ಒಳಗ ಮುಖ ಹಾಕಿ, "ಏನಮ್ಮಾ, ಆತಲ್ಲ, ನೇಯಿ," ಅಂದ.

"ಹೊರಗ ನಿಂತು ಹೇಳ್ರಿ," ಅಂದೆ ನಾನು.

ಓಣಿಯ ಹೆಣ್ಮಕ್ಕಳು, ಗಂಡಸರು ಬಾಗಲಿಗೆ ಬಂದು ನಿಂತ್ರು. ಆತ ಕೆಮ್ಮಿದ. ಟೋಪಿ ಸರಿ ಮಾಡಿಕೊಂಡ. ಮ್ಯಾಲ ನೋಡಿಕೋತ, "ಆಕೀದು ತಪ್ಪಿಲ್ಲ. ಗಂಜೀದೂ ತಪ್ಪಿಲ್ಲ. ಕಾಗದ ಕೆಟ್ಟಿತ್ತು," ಅಂದ. ಅಂದು ಹೊಳ್ಳಿ ಹೊಂಟ.

ನನಗೂ ಅಷ್ಟ ಸಾಕಾಗಿತ್ತು, ಖರೇ ಹೇಳ್ತೀನಿ. ಚಾರ್ಟಿನ ದಾರ ಬಿಚ್ಚಾಕ ಹತ್ತಿದ್ದೆ. ಆಕಿ ಎದ್ದು ಬಾಗಲಿಗೆ ಬಂದ್ಲು. ಅಲ್ಲಿತನಕ ಆತನ ಮುಂದ ತಲಿ ಎತ್ತಿ ಮಾತಾಡಿದಾಕಿ ಅಲ್ಲ ಆಕಿ.

"ಸಾವುಕಾರ್ರ, ಕಾಗದ ಕೆಟ್ಟಿತ್ತು ಅಂದ್ರಿ. ಅದು ತಾನ ನಡಕೋತ ನನ್ನ ಮಗ್ಗಕ್ಕ ಬರಲಿಲ್ಲರಿ. ನನ್ನ ಹೆಸರು ಹಿಡದು ಬೈದಿದ್ರಿ. ಕಾಗದ ಕೊಟ್ಟೋರ ಹೆಸರೂ ಹಿಡದು ಹೇಳ್ರಿ."

ಮಗ್ಗದ ಸಪ್ಪಳ ಒಂದೊಂದ ಮನ್ಯಾಗ ನಿಂತಿತು. ಆತ ನನ್ನ ಕಡೆ ನೋಡಿದ, ನಾನು ಬಾಯಿ ಬಿಡ್ತೀನೇನೋ ಅಂತ. ಆಕಿ ಕೇಳಿದ್ದಕ್ಕ ನಾನ್ಯಾಕ ಜವಾಬು ಕೊಡಲಿ?

"ನಾನ ಕೊಟ್ಟಿದ್ದೆ," ಅಂದ.

"ಗೊತ್ತಿದ್ದೂ ಕೊಟ್ಟಿದ್ರಿ."

"ಹೂಂ. ಗೊತ್ತಿತ್ತು."

ಆಕಿ ನನ್ನ ಕೈಯಾಗಿನ ಚಾರ್ಟ್ ಇಸಕೊಂಡು ಒಳಗ ಬಂದು ಮೂಲ್ಯಾಗಿನ ಪಾತ್ರಿ ಎತ್ತಿ ಅತ್ತಿ ಕೈಯಾಗ ಇಟ್ಲು. "ಎದ್ದೇಳು ಅತ್ತಿ, ಗಂಜಿ ಕಾಸು. ಬಿಸಿಲು ಇರೋದರಾಗ ಚಾರ್ಟ್ ಒಣಗಬೇಕು."